ಒಂದನೇ ತರಗತಿಯ ಮಗು ಓದುತ್ತಿದೆಯೇ, ಒಪ್ಪಿಸುತ್ತಿದೆಯೇ?

ಪ್ರತಿ ವರ್ಷ ಮುಂಗಾರಿನ ಮೊದಲ ಮಳೆಯೊಂದಿಗೆ ಕರಾವಳಿಯ ಶಾಲೆಗಳ ಬಾಗಿಲು ತೆರೆಯುತ್ತದೆ. ಹೊಸ ಸಮವಸ್ತ್ರ, ಹೊಸ ಕೊಡೆ, ಬೆನ್ನಿಗಿಂತ ದೊಡ್ಡದಾದ ಚೀಲ ಹೊತ್ತು ಪುಟಾಣಿಗಳು ಒಂದನೇ ತರಗತಿಯ ಮೆಟ್ಟಿಲೇರುತ್ತಾರೆ. ಆ ಹೊತ್ತಿನಲ್ಲಿ ಹೆತ್ತವರು ಶಾಲಾ ಆಡಳಿತದವರನ್ನು ಕೇಳುವ ಪ್ರಶ್ನೆಗಳು ಹಲವು. ಶುಲ್ಕವೆಷ್ಟು, ಮಾಧ್ಯಮ ಯಾವುದು, ವಾಹನದ ವ್ಯವಸ್ಥೆ ಇದೆಯೇ, ಕಂಪ್ಯೂಟರ್ ಕಲಿಸುತ್ತೀರಾ ಎಂದು ಪಟ್ಟಿ ಬೆಳೆಯುತ್ತದೆ. 'ವರ್ಷದ ಕೊನೆಗೆ ನಮ್ಮ ಮಗು ತಾನಾಗಿ ಓದಬಲ್ಲದೇ? ಅದಕ್ಕಾಗಿ ನೀವೇನು ಮಾಡುತ್ತೀರಿ, ನಾವೇನು ಮಾಡಬೇಕು?' ಎಂಬ ಪ್ರಶ್ನೆ ಮಾತ್ರ ಅಪರೂಪ. ಓದು ತನ್ನಷ್ಟಕ್ಕೆ ತಾನೇ ಬರುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. ಮಾತೇನೋ ಮನೆಯವರ ನಡುವೆ ಬೆಳೆಯುತ್ತಲೇ ಮಗುವಿಗೆ ಒಲಿಯುತ್ತದೆ. ಓದು ಹಾಗಲ್ಲ. ಅದನ್ನು ಕಲಿಸಬೇಕು, ದಿನವೂ ರೂಢಿಸಬೇಕು.

ಒಂದನೇ ತರಗತಿಯ ಮಗು ಪುಸ್ತಕ ಹಿಡಿದು ಪಾಠವನ್ನು ಗಟ್ಟಿಯಾಗಿ ಹೇಳುವುದನ್ನು ಕೇಳಿ ಸಂತೋಷಪಡದ ತಾಯಿ ತಂದೆ ಇಲ್ಲ. ಆದರೆ ಆ ಪುಟದ ಚಿತ್ರವನ್ನು ಕೈಯಿಂದ ಮುಚ್ಚಿ, ನಡುವಿನ ಒಂದು ಪದದ ಮೇಲೆ ಬೆರಳಿಟ್ಟು 'ಇದೇನು?' ಎಂದು ಕೇಳಿ ನೋಡಬೇಕು. ಅನೇಕ ಮಕ್ಕಳು ಅಲ್ಲಿಯೇ ತಡವರಿಸುತ್ತಾರೆ. ಸಾಲಿನ ಆರಂಭಕ್ಕೆ ಹೋಗಿ ಮೊದಲಿನಿಂದ ಹೇಳತೊಡಗುತ್ತಾರೆ. ಅಂಥ ಮಗು ಓದುತ್ತಿಲ್ಲ, ತರಗತಿಯಲ್ಲಿ ಕೇಳಿದ್ದನ್ನು ಒಪ್ಪಿಸುತ್ತಿದೆ. ಬಾಯಿಪಾಠ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ನಮ್ಮ ಮಕ್ಕಳು ಜಪಗಳನ್ನು, ಪದ್ಯಗಳನ್ನು, ಮಗ್ಗಿಯನ್ನು ಬಾಯಿಪಾಠದಿಂದಲೇ ಕಲಿತಿದ್ದಾರೆ. ಅದು ಸ್ಮರಣಶಕ್ತಿಗೆ ಒಳ್ಳೆಯ ವ್ಯಾಯಾಮ. ಆದರೆ ಬಾಯಿಪಾಠವನ್ನು ಓದೆಂದು ತಿಳಿದು ನೆಮ್ಮದಿಯಿಂದಿರುವುದು ಅಪಾಯಕರ. ಎರಡನೇ ತರಗತಿಯಲ್ಲಿ ಪಾಠಗಳು ಉದ್ದವಾಗುತ್ತವೆ, ಮೂರನೆಯದರಲ್ಲಿ ಪರಿಸರ ಅಧ್ಯಯನ, ಗಣಿತದ ಲೆಕ್ಕದ ವಾಕ್ಯಗಳು ಎಲ್ಲವೂ ಓದಿನ ಮೇಲೆಯೇ ನಿಲ್ಲುತ್ತವೆ. ನೆನಪಿನ ಬಲ ಅಲ್ಲಿಗೆ ಸಾಲುವುದಿಲ್ಲ. ಆಗ ಹೆತ್ತವರು 'ಮಗು ಒಂದನೆಯದರಲ್ಲಿ ಜಾಣನಾಗಿತ್ತು, ಈಗ ಏನಾಯಿತೋ' ಎಂದು ಚಿಂತಿಸುತ್ತಾರೆ. ಆದದ್ದು ಈಗಲ್ಲ, ಒಂದನೆಯದರಲ್ಲೇ.

ಇದು ಕೆಲವೇ ಮಕ್ಕಳ ಸಮಸ್ಯೆಯಲ್ಲ. 'ಪ್ರಥಮ್' ಸಂಸ್ಥೆಯ ಆಶ್ರಯದಲ್ಲಿ 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯ ಪ್ರಕಾರ 2024ರಲ್ಲಿ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಶೇಕಡಾ 27.1 ಮಾತ್ರ. ಕೊರೊನಾ ಕಾಲದ ಶಾಲಾ ಮುಚ್ಚುಗಡೆಯ ನಂತರ, 2022ರಲ್ಲಿ, ಇದು ಶೇಕಡಾ 20.5ಕ್ಕೆ ಕುಸಿದಿತ್ತು. ಅಂದರೆ ಚೇತರಿಕೆ ಬಂದ ಮೇಲೂ ನಾಲ್ವರಲ್ಲಿ ಸರಿಸುಮಾರು ಮೂವರು ಮಕ್ಕಳು ತಮ್ಮ ಕೆಳಗಿನ ತರಗತಿಯ ಪಾಠವನ್ನು ಓದಲಾರರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಓದು, ಬರಹ, ಲೆಕ್ಕಗಳ ಬುನಾದಿಯನ್ನು ಎಲ್ಲಕ್ಕಿಂತ ತುರ್ತಿನ ಕೆಲಸವೆಂದು ಸಾರಿದ್ದೂ, ಅದರ ಬೆನ್ನಿಗೆ 2021ರ ಜುಲೈಯಲ್ಲಿ 'ನಿಪುಣ್ ಭಾರತ್' ಕಾರ್ಯಕ್ರಮ ಆರಂಭವಾದದ್ದೂ ಇದೇ ಕಾರಣಕ್ಕೆ. ಅಂಕಿ ಅಂಶಗಳು ಹಳ್ಳಿಗಳವು, ನಮ್ಮ ಶಾಲೆಗಳು ಹಾಗಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಮೇಲೆ ಹೇಳಿದ ಬೆರಳಿನ ಪರೀಕ್ಷೆಯನ್ನು ತಮ್ಮ ಮನೆಯಲ್ಲೇ ಮಾಡಿ ನೋಡಬಹುದು.

ಇದ್ದವನಿಗೆ ಇನ್ನಷ್ಟು

ಓದಿನ ಬಗ್ಗೆ ಸಂಶೋಧನೆ ಮಾಡುವವರು 'ಮತ್ತಾಯನ ಪರಿಣಾಮ' ಎಂಬ ಒಂದು ಮಾತನ್ನು ಬಳಸುತ್ತಾರೆ. ಸಂತ ಮತ್ತಾಯನ ಶುಭಸಂದೇಶದಲ್ಲಿ ತಲಾಂತುಗಳ ಸಾಮತಿಯ ಕೊನೆಗೆ, ಇದ್ದವನಿಗೆ ಮತ್ತಷ್ಟು ಸೇರುತ್ತದೆ, ಇಲ್ಲದವನಿಂದ ಇದ್ದದ್ದೂ ಹೋಗುತ್ತದೆ ಎಂಬ ಅರ್ಥದ ಮಾತು ಬರುವುದು ನಮ್ಮ ಓದುಗರಿಗೆ ತಿಳಿದದ್ದೇ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಕೀತ್ ಸ್ಟ್ಯಾನೊವಿಚ್ 1986ರಲ್ಲಿ ಅದನ್ನು ಮಕ್ಕಳ ಓದಿಗೆ ಅನ್ವಯಿಸಿದರು. ಬೇಗ ಓದಲು ಕಲಿತ ಮಗು ಹೆಚ್ಚು ಓದುತ್ತದೆ. ಹೆಚ್ಚು ಓದಿದ್ದರಿಂದ ಅದರ ಪದಸಂಪತ್ತು ಬೆಳೆಯುತ್ತದೆ. ಪದಸಂಪತ್ತು ಬೆಳೆದದ್ದರಿಂದ ಮುಂದಿನ ಓದು ಇನ್ನೂ ಸುಲಭವಾಗುತ್ತದೆ. ಹಿಂದುಳಿದ ಮಗುವಿಗೆ ಓದು ಕಷ್ಟ, ಕಷ್ಟವಾದ್ದರಿಂದ ಬೇಸರ, ಬೇಸರದಿಂದ ಪುಸ್ತಕವನ್ನೇ ಮುಟ್ಟದಿರುವಿಕೆ. ಇಬ್ಬರ ನಡುವೆ ಮೊದಲು ಗೇಣಿನಷ್ಟಿದ್ದ ಅಂತರ ವರ್ಷ ಕಳೆದಂತೆ ಮಾರುಗಟ್ಟಲೆಯಾಗುತ್ತದೆ. ಸಾಮತಿಯ ಸೇವಕ ತನ್ನ ಪಾಲನ್ನು ತಾನೇ ಹೂತಿಟ್ಟ. ಆರು ವರ್ಷದ ಮಗುವಿನ ಪಾಲನ್ನು ಹೂತಿಡುವವರು ಹಿರಿಯರಾದ ನಾವು.

ಹಾಗಾದರೆ ಓದು ಎಂದರೇನು? ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅಕ್ಷರವನ್ನು ಬಿಡಿಸಿ ಶಬ್ದವಾಗಿಸುವ ಶಕ್ತಿ ಒಂದು, ಆ ಭಾಷೆಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಈ ಎರಡರ ಗುಣಲಬ್ಧವೇ ಓದು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕವೆಂಬುದನ್ನು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಅಕ್ಷರ ಬಂದರೂ ಭಾಷೆ ತಿಳಿಯದ ಮಗು ಇಂಗ್ಲಿಷ್ ಪಾಠವನ್ನು ಉಚ್ಚರಿಸುತ್ತದೆ, ಗ್ರಹಿಸುವುದಿಲ್ಲ. ಭಾಷೆ ಬಂದರೂ ಅಕ್ಷರ ತಿಳಿಯದ ಮಗು ಕಥೆ ಕೇಳಿ ಆನಂದಿಸುತ್ತದೆ, ಪುಸ್ತಕದ ಮುಂದೆ ಮೂಕವಾಗುತ್ತದೆ. ಆದ್ದರಿಂದ ಅಕ್ಷರವೂ ಬೇಕು, ಮಾತೂ ಬೇಕು. ಶಾಲೆ ಹೆಚ್ಚಾಗಿ ಮೊದಲನೆಯದನ್ನೂ ಮನೆ ಹೆಚ್ಚಾಗಿ ಎರಡನೆಯದನ್ನೂ ಕೊಡಬಲ್ಲದು.

ಎರಡು ಲಿಪಿ, ಎರಡು ಸ್ವಭಾವ

ನಮ್ಮ ಕುಟುಂಬಗಳ ಮಗುವಿನ ಸ್ಥಿತಿ ಇನ್ನೂ ಸ್ವಲ್ಪ ಜಟಿಲ. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕು. ಹೀಗಾಗಿ ಇಂಗ್ಲಿಷ್ ಮಾಧ್ಯಮದ ಮಗುವೂ ಎರಡು ಲಿಪಿಗಳ ಮುಂದೆ ಕುಳಿತುಕೊಳ್ಳುತ್ತದೆ. ಈ ಎರಡರ ಸ್ವಭಾವ ಬೇರೆ ಬೇರೆ. ಇಂಗ್ಲಿಷಿನಲ್ಲಿ ಅಕ್ಷರಗಳು 26 ಮಾತ್ರ. ಆದರೆ ಒಂದೇ ಅಕ್ಷರ ಹಲವು ಧ್ವನಿಗಳನ್ನು ಹೊರಡಿಸುತ್ತದೆ. 'ಬಿ ಯು ಟಿ' ಬಟ್ ಆದರೆ 'ಪಿ ಯು ಟಿ' ಪುಟ್ ಏಕೆ ಎಂಬ ಮಗುವಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ; ಅದರ ಕಷ್ಟ ಬೇರೆಡೆ ಇದೆ. ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ ಗುಣಿತಾಕ್ಷರಗಳು ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಅದರ ಮೇಲೆ ಒತ್ತಕ್ಷರಗಳು. ಮಗು ಮೊದಲು ಆಡಿದ 'ಅಮ್ಮ', 'ಅಪ್ಪ', 'ಅಜ್ಜಿ' ಎಂಬ ಪದಗಳಲ್ಲೇ ಒತ್ತಕ್ಷರಗಳಿವೆ. 'ಸೂರ್ಯ' ಎಂಬಲ್ಲಿ ಮೊದಲು ಕೇಳುವ ರಕಾರವನ್ನು ನಾವು ಯಕಾರದ ನಂತರ ಬರೆಯುತ್ತೇವೆ. ನಮಗೆ ಇವು ಅಭ್ಯಾಸವಾಗಿವೆ. ಮಗುವಿಗೆ ಪ್ರತಿಯೊಂದೂ ಹೊಸ ಗಂಟು.

ಕನ್ನಡ ಮಕ್ಕಳ ಓದಿನ ಕುರಿತು ಸೊನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರ ಸಮೂಹವನ್ನು ಮಕ್ಕಳು ವಶಪಡಿಸಿಕೊಳ್ಳುವ ಕೆಲಸ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯುವುದಿಲ್ಲ, ಅನಂತರವೂ ಮುಂದುವರಿಯುತ್ತದೆ ಎಂದು ತೋರಿಸಿತು. ಇದರಿಂದ ಹೆತ್ತವರು ಕಲಿಯಬೇಕಾದ ಪಾಠ ತಾಳ್ಮೆ. ದೀಪಾವಳಿಯ ಹೊತ್ತಿಗೆ ಮಗುವಿಗೆ ಕಾಗುಣಿತ ಪೂರ್ತಿ ಬಾರದಿದ್ದರೆ ಅದು ದಡ್ಡತನವಲ್ಲ. ದ ಮತ್ತು ಧ, ಪ ಮತ್ತು ಷ, ಎ ಮತ್ತು ಏ ಇವುಗಳನ್ನು ಅದಲು ಬದಲು ಮಾಡುವುದು ಸಹಜ. ತಪ್ಪಿದಾಗ ತಲೆಗೆ ಮೊಟಕುವುದರಿಂದ ಅಕ್ಷರ ಒಳಗೆ ಹೋಗುವುದಿಲ್ಲ, ಪುಸ್ತಕದ ಭಯ ಒಳಗೆ ಹೋಗುತ್ತದೆ.

ಒಂದು ಅನುಕೂಲವೂ ನಮಗಿದೆ. ಮಂಗಳೂರಿನ ಕೊಂಕಣಿ ಸಾಹಿತ್ಯದ ಬಹುಭಾಗ ಕನ್ನಡ ಲಿಪಿಯಲ್ಲೇ ಇದೆ. 1912ರಲ್ಲಿ ಆರಂಭವಾದ 'ಕೊಂಕ್ಣಿ ದಿರ್ವೆಂ', 1938ರಲ್ಲಿ ಹುಟ್ಟಿದ 'ರಾಕ್ಣೊ' ಪತ್ರಿಕೆಗಳಿಂದಲೇ ಎಷ್ಟೋ ಮನೆಗಳಿಗೆ ಓದಿನ ರುಚಿ ಹತ್ತಿತು. ಕನ್ನಡದ ಅಕ್ಷರ ಕಲಿತ ಮಗು ಒಂದೇ ಕೀಲಿಕೈಯಿಂದ ಎರಡು ಬಾಗಿಲು ತೆರೆಯುತ್ತದೆ. ಅದರಲ್ಲೊಂದು ಬಾಗಿಲಿನೊಳಗೆ ಮನೆಯ ಭಾಷೆಯೇ ಇರುವುದರಿಂದ, ಬಿಡಿಸಿ ಓದಿದ್ದು ಕೂಡಲೇ ಅರ್ಥವಾಗುತ್ತದೆ. 'ನನ್ನ ಮಗು ಇಂಗ್ಲಿಷ್ ಕಲಿತರೆ ಸಾಕು, ಕನ್ನಡದ ಓದು ಯಾತಕ್ಕೆ?' ಎನ್ನುವವರು ಇದನ್ನು ಯೋಚಿಸಬೇಕು. ಅಕ್ಷರದಲ್ಲಿ ಧ್ವನಿಯಿದೆ, ಧ್ವನಿ ಸೇರಿ ಪದವಾಗುತ್ತದೆ, ಪದದಲ್ಲಿ ಅರ್ಥವಿದೆ ಎಂಬ ಅರಿವನ್ನು ಮಗು ತನಗೆ ತಿಳಿದ ಭಾಷೆಯಲ್ಲಿ ಒಮ್ಮೆ ಪಡೆದರೆ, ಇನ್ನೊಂದು ಭಾಷೆಯಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ. ಮಗುವಿನ ಶಿಕ್ಷಣ ಅದಕ್ಕೆ ತಿಳಿದ ಭಾಷೆಯಿಂದ ಆರಂಭವಾಗಬೇಕೆಂದು ಯುನೆಸ್ಕೊ 1953ರಲ್ಲೇ ಪ್ರತಿಪಾದಿಸಿತ್ತು.

ಶಾಲೆ ಮಾಡಬೇಕಾದದ್ದು

ಅ ಆ ಇ ಈ ಎಂದು 49 ಅಕ್ಷರಗಳನ್ನು ಸಾಲಾಗಿ ತಿದ್ದಿಸಿ ಆಮೇಲೆ ಪದಕ್ಕೆ ಬರುವ ಹಳೆಯ ಕ್ರಮದಲ್ಲಿ ಮಗು ತಿಂಗಳುಗಟ್ಟಲೆ ಏನನ್ನೂ ಓದುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ 'ನಲಿ ಕಲಿ' ಪದ್ಧತಿ ಈ ಕ್ರಮವನ್ನು ಬದಲಿಸಿತು. ಅಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭ. ಆ ಐದು ಬಂದೊಡನೆ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ತಾನಾಗಿ ಓದಬಲ್ಲದು. 'ನನಗೆ ಓದಲು ಬರುತ್ತದೆ' ಎಂಬ ಹೆಮ್ಮೆ ಮೊದಲ ವಾರಗಳಲ್ಲೇ ಹುಟ್ಟುತ್ತದೆ. ಖಾಸಗಿ ಮತ್ತು ಅನುದಾನಿತ ಶಾಲೆಗಳು ಸರಕಾರಿ ಶಾಲೆಗಳಿಂದ ಕಲಿಯಬೇಕಾದದ್ದೂ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಓದುವುದು, ಉಳಿದವರು ಬೆರಳಿಟ್ಟು ಕಾಯುವುದು ನಮ್ಮ ಶಾಲೆಗಳ ರೂಢಿ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೂ ಒಂದೇ ನಿಮಿಷ ಸಿಗುತ್ತದೆ. ಮೂವತ್ತೊಂಬತ್ತು ನಿಮಿಷ ಸುಮ್ಮನೆ ಕಳೆಯುತ್ತದೆ. ಇದರ ಬದಲು ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರಿಗೊಬ್ಬರು ಓದಿಸಿದರೆ ಅದೇ ಅವಧಿಯಲ್ಲಿ ಪ್ರತಿ ಮಗುವೂ ಇಪ್ಪತ್ತು ನಿಮಿಷ ಓದುತ್ತದೆ. ಆ ಹೊತ್ತಿನಲ್ಲಿ ಶಿಕ್ಷಕಿ ದಿನಕ್ಕೆ ಎಂಟು ಮಕ್ಕಳನ್ನು ಹತ್ತಿರ ಕೂರಿಸಿ ಕೇಳಿದರೆ ವಾರಕ್ಕೊಮ್ಮೆ ಪ್ರತಿ ಮಗುವಿನ ಓದೂ ಅವರ ಕಿವಿಗೆ ಬೀಳುತ್ತದೆ. ಯಾರು ಓದುತ್ತಿದ್ದಾರೆ, ಯಾರು ಒಪ್ಪಿಸುತ್ತಿದ್ದಾರೆ ಎಂಬುದು ಆಗ ಗುಟ್ಟಾಗಿ ಉಳಿಯುವುದಿಲ್ಲ. ದಿನಕ್ಕೊಂದು ಕಥೆಯನ್ನು ಶಿಕ್ಷಕಿಯೇ ಅಭಿನಯಪೂರ್ವಕ ಓದಿ ಹೇಳಬೇಕು. ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀಗ ಹಾಕಿದ ಕಪಾಟಿನಲ್ಲಿರದೆ ತರಗತಿಯಲ್ಲಿ, ಮಗುವಿನ ಕೈಗೆಟಕುವ ಎತ್ತರದಲ್ಲಿರಬೇಕು. ಪುಟ ಹರಿದರೆ ಅಂಟಿಸಬಹುದು. ಓದದೆ ಹಳತಾದ ಪುಸ್ತಕಕ್ಕಿಂತ ಓದಿ ಹರಿದ ಪುಸ್ತಕ ಮೇಲು.

ಮನೆಕೆಲಸದ ಬಗ್ಗೆಯೂ ಒಂದು ಮಾತು. ಒಂದನೇ ತರಗತಿಯ ಮಗುವಿಗೆ ಪುಟಗಟ್ಟಲೆ ನಕಲು ಬರೆಯಲು ಕೊಡುವುದರಿಂದ ಕೈ ನೋಯುತ್ತದೆ, ಕಣ್ಣು ದಣಿಯುತ್ತದೆ. ಓದದೆಯೇ ಅಕ್ಷರದ ಚಿತ್ರ ಬಿಡಿಸುವುದನ್ನು ಮಗು ಕಲಿಯುತ್ತದೆ. ಎರಡು ಪುಟದ ನಕಲಿನ ಬದಲು ಎರಡು ಪುಟದ ಓದನ್ನು ಮನೆಕೆಲಸವಾಗಿ ಕೊಟ್ಟು, 'ಕೇಳಿದ್ದೇನೆ' ಎಂದು ಮನೆಯವರಿಂದ ಒಂದು ರುಜು ಪಡೆಯುವ ಪದ್ಧತಿ ಬಂದರೆ ಒಳಿತು. ಇದಕ್ಕೆ ಖರ್ಚಿಲ್ಲ, ಸರಕಾರದ ಆದೇಶವೂ ಬೇಕಾಗಿಲ್ಲ.

ಮನೆಯ ಹದಿನೈದು ನಿಮಿಷ

ನಮ್ಮ ಮನೆಗಳಲ್ಲಿ ಸಂಜೆಯ ತೇರ್ಸಿಗೆ ಒಂದು ನಿಗದಿತ ಹೊತ್ತಿತ್ತು, ಅನೇಕ ಮನೆಗಳಲ್ಲಿ ಇಂದೂ ಇದೆ. ಆ ಹೊತ್ತಿಗೆ ಎಲ್ಲರೂ ಒಂದೆಡೆ ಸೇರುತ್ತಾರೆ, ದೂರದರ್ಶನ ಸುಮ್ಮನಾಗುತ್ತದೆ. ಓದಿಗೆ ಬೇಕಾದ ಶಿಸ್ತು ಇದಕ್ಕಿಂತ ಬೇರೆಯಲ್ಲ. ಪ್ರಾರ್ಥನೆ ಮುಗಿದ ಮೇಲೆ ಹದಿನೈದು ನಿಮಿಷ ಮೊಬೈಲುಗಳನ್ನು ಬದಿಗಿಟ್ಟು ಮಗುವಿನೊಡನೆ ಪುಸ್ತಕ ಹಿಡಿದು ಕುಳಿತರೆ ಸಾಕು. ದಿನಕ್ಕೆ ಹದಿನೈದು ನಿಮಿಷವೆಂದರೆ ವರ್ಷದ 300 ದಿನಗಳಲ್ಲಿ 75 ಗಂಟೆ. ಯಾವ ಟ್ಯೂಷನ್ನೂ ಮಗುವಿಗೆ ಇಷ್ಟು ಹೊತ್ತು ಒಬ್ಬರೇ ಗುರುವನ್ನು ಕೊಡುವುದಿಲ್ಲ.

ಕುಳಿತ ಮೇಲೆ ಏನು ಮಾಡಬೇಕು? ಮೊದಲು ಹಿರಿಯರು ಸಾಲಿನಡಿ ಬೆರಳಾಡಿಸುತ್ತ ಓದಲಿ; ಆಮೇಲೆ ಇಬ್ಬರೂ ಕೂಡಿ ಓದಲಿ; ಕೊನೆಗೆ ಮಗು ಒಂಟಿಯಾಗಿ ಓದಲಿ. ಮಗು ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ ಕಾಯಬೇಕು. ಆಗಲೂ ಬಾರದಿದ್ದರೆ ಪದವನ್ನು ಹೇಳಿಕೊಟ್ಟು ಮುಂದೆ ಸಾಗಬೇಕು. ಪ್ರತಿ ತಪ್ಪಿಗೂ ನಿಲ್ಲಿಸಿದರೆ ಕಥೆಯ ಎಳೆ ಕಡಿದುಹೋಗುತ್ತದೆ. ಮಗು ಅದೇ ಪುಸ್ತಕವನ್ನು ಹತ್ತನೇ ಸಲ ತಂದರೆ ಬೇಸರಿಸಬಾರದು. ಪುನರಾವರ್ತನೆಯಿಂದಲೇ ಓದಿಗೆ ಓಟ ಬರುತ್ತದೆ. ಪುಸ್ತಕ ಮುಚ್ಚಿದ ಮೇಲೆ 'ನರಿ ಯಾಕೆ ಹಾಗೆ ಮಾಡಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂದು ಎರಡು ಮಾತಾಡಬೇಕು. 'ತಪ್ಪು ಮಾಡಿದೆ, ಹೋಗಿ ಪುಸ್ತಕ ಓದು' ಎಂದು ಓದನ್ನು ಶಿಕ್ಷೆಯಾಗಿಸುವುದು, 'ಓದಿದರೆ ಮೊಬೈಲು ಕೊಡುತ್ತೇನೆ' ಎಂದು ಅದನ್ನು ಸುಂಕವಾಗಿಸುವುದು, ಎರಡೂ ಸಲ್ಲದು.

ಓದು ಬಾರದ ಅಥವಾ ಇಂಗ್ಲಿಷ್ ತಿಳಿಯದ ತಾಯಂದಿರು 'ನಮ್ಮಿಂದೇನಾದೀತು?' ಎಂದು ಹಿಂಜರಿಯಬೇಕಾಗಿಲ್ಲ. ಕೇಳುವುದಕ್ಕೆ ಅಕ್ಷರ ಬೇಕಾಗಿಲ್ಲ. ಪಾತ್ರೆ ತೊಳೆಯುತ್ತ, ಮಲ್ಲಿಗೆ ಕಟ್ಟುತ್ತ, ಬೀಡಿ ಸುತ್ತುತ್ತ ಮಗುವಿನ ಓದನ್ನು ಕೇಳಿ 'ಆಮೇಲೆ ಏನಾಯಿತು?' ಎಂದು ಕೇಳುವ ತಾಯಿ ಒಳ್ಳೆಯ ಶಿಕ್ಷಕಿಯೇ. ಅಜ್ಜ ಅಜ್ಜಿಯರು ಕೊಂಕಣಿಯಲ್ಲಿ ಹೇಳುವ ಕಥೆ, ಒಗಟು, ಗಾದೆಗಳು ಹಿಂದೆ ಹೇಳಿದ ಸೂತ್ರದ ಎರಡನೇ ಭಾಗವನ್ನು ತುಂಬುತ್ತವೆ. ಮಗುವಿನೊಡನೆ ಮುರುಕು ಇಂಗ್ಲಿಷಿನಲ್ಲಿ ಹತ್ತು ಪದ ಆಡುವುದಕ್ಕಿಂತ ಮನೆಮಾತಿನಲ್ಲಿ ಸಾವಿರ ಪದ ಆಡುವುದು ಅದರ ಓದಿಗೆ ಹೆಚ್ಚು ಉಪಕಾರಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ತಂದೆಯೂ ಇದರಿಂದ ಹೊರಗಲ್ಲ. ರಾತ್ರಿಯ ಕರೆಯಲ್ಲಿ 'ಊಟ ಆಯಿತೇ?' ಎಂದ ಮೇಲೆ 'ಇವತ್ತಿನ ಒಂದು ಪುಟ ಓದಿ ಹೇಳು' ಎಂದರೆ, ಮಗುವಿಗೆ ಓದಲು ಅದಕ್ಕಿಂತ ಪ್ರಿಯವಾದ ಕಾರಣ ಬೇರೆ ಬೇಡ.

ಎಷ್ಟೇ ಪ್ರಯತ್ನಿಸಿದರೂ ಕೆಲವು ಮಕ್ಕಳಿಗೆ ಅಕ್ಷರ ಹತ್ತುವುದಿಲ್ಲ. ಅಂಥ ಮಗುವಿನ ಕಣ್ಣು ಮತ್ತು ಕಿವಿಗಳನ್ನು ಮೊದಲು ಪರೀಕ್ಷಿಸಬೇಕು. ಅಲ್ಲಿ ದೋಷವಿಲ್ಲದಿದ್ದರೆ ತಜ್ಞರನ್ನು ಕಾಣಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಮಾನ್ಯ ಮಾಡಿದೆ. ಅದು ಸೋಮಾರಿತನವಲ್ಲ, ಶಾಪವಲ್ಲ, ಹೆತ್ತವರ ಅವಮಾನವೂ ಅಲ್ಲ. ಮುಚ್ಚಿಟ್ಟಷ್ಟೂ ನಷ್ಟ ಮಗುವಿಗೇ.

ಪುಸ್ತಕ ಎಲ್ಲಿದೆ?

ಕನ್ನಡದಲ್ಲಿ ಮಕ್ಕಳ ಸಾಹಿತ್ಯದ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಅವರ ಮನೆಮಾತು ಕೊಂಕಣಿ. ಶಿಕ್ಷಣ ಇಲಾಖೆಯಲ್ಲಿ ದುಡಿಯುತ್ತ ಮಕ್ಕಳಿಗೆ ಓದಲು ಹಿತವಾದದ್ದು ಬೇಕೆಂದು ಅವರು ತಾವೇ ಬರೆದರು. ಅಂಥ ನಾಡಿನಲ್ಲಿ ಮಕ್ಕಳ ಪುಸ್ತಕಗಳಿಗೆ ಬರವಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತ, ಮುದ್ರಿಸಿಕೊಳ್ಳಲೂಬಹುದು. 2020ರಲ್ಲಿ ರಾಜ್ಯದಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದನ್ವಯ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ನಮ್ಮ ಊರಿನ ಗ್ರಂಥಾಲಯದ ಹೊಸ್ತಿಲು ತುಳಿದ ಮಕ್ಕಳೆಷ್ಟು ಎಂದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕು.

ನಾಮಕರಣ, ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದದ ಸಮಾರಂಭಗಳಿಗೆ ನಮ್ಮವರು ಕೈಬಿಚ್ಚಿ ಖರ್ಚು ಮಾಡುತ್ತಾರೆ. ಕೇಕಿನ ತೂಕವನ್ನು ಒಂದು ಕಿಲೋ ಇಳಿಸಿದರೆ ಹತ್ತಾರು ಮಕ್ಕಳ ಪುಸ್ತಕಗಳು ಬರುತ್ತವೆ. ಇಗರ್ಜಿಯ ಸಭಾಭವನದಲ್ಲಿ ಮಕ್ಕಳ ಪುಸ್ತಕಗಳ ಒಂದು ತೆರೆದ ಕಪಾಟನ್ನಿಟ್ಟು, ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಯುವಜನರು ಅಥವಾ ಸ್ತ್ರೀ ಸಂಘಟನೆಯವರು ಅದರ ಬಳಿ ಕುಳಿತರೆ ಒಂದು ಗ್ರಂಥಾಲಯವೇ ಆಯಿತು. ಹಳೆ ವಿದ್ಯಾರ್ಥಿ ಸಂಘಗಳು ಕಮಾನು, ಗೋಪುರಗಳಿಗೆ ಹಣ ಕೂಡಿಸುವಂತೆ ಒಂದನೇ ತರಗತಿಯ ಕೊಠಡಿಗೆ ನೂರು ಪುಸ್ತಕಗಳನ್ನು ಕೂಡಿಸಲಾರವೇ?

ನಮ್ಮ ಸಮುದಾಯ ಶಾಲೆಗಳನ್ನು ಕಟ್ಟಿದ್ದಕ್ಕೆ ಹೆಸರಾದದ್ದು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸತೊಡಗಿದ ಕಾಲದಿಂದ, 1880ರಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಕಾಲದಿಂದ ಈ ಹೆಮ್ಮೆ ನಮ್ಮದಾಗಿದೆ. ಆದರೆ ಕಟ್ಟಡಗಳ ಹೆಮ್ಮೆ ಮಗುವಿಗೆ ಓದು ಕಲಿಸುವುದಿಲ್ಲ. ಪ್ರತಿ ಶಾಲೆಯ ಶಿಕ್ಷಕ ರಕ್ಷಕ ಸಂಘ ತನ್ನ ಮುಂದಿನ ಸಭೆಯಲ್ಲಿ ಮೂರೇ ವಿಷಯಗಳನ್ನು ನಿರ್ಧರಿಸಲಿ: ಒಂದನೇ ತರಗತಿಯ ವೇಳಾಪಟ್ಟಿಯಲ್ಲಿ ದಿನವೂ ಓದಿನ ಒಂದು ಅವಧಿ, ತರಗತಿಯೊಳಗೆ ತೆರೆದ ಪುಸ್ತಕದ ಕಪಾಟು, ಮನೆಯಲ್ಲಿ ಹದಿನೈದು ನಿಮಿಷದ ಓದಿಗೆ ಹೆತ್ತವರ ಒಪ್ಪಿಗೆ. ಈ ಮೂರಕ್ಕೂ ತಗಲುವ ಹಣ ಅಲ್ಪ, ಬೇಕಾಗುವ ಮನಸ್ಸು ದೊಡ್ಡದು. ಒಂದನೇ ತರಗತಿ ಮಗುವಿಗೆ ಒಮ್ಮೆ ಮಾತ್ರ ಬರುತ್ತದೆ. ಅಂಕಪಟ್ಟಿಯನ್ನು ನೋಡುವ ಮೊದಲು ನಾವು ಮಗುವಿನ ಪಕ್ಕದಲ್ಲಿ ಕುಳಿತು ಅದರ ಓದನ್ನು ಕೇಳೋಣ.